ಕೊಡಲಿ, ಗಂಟೆ ಮತ್ತು ಎರಡು ಮೂಟೆ ಒದ್ದೆ ಎಲೆ

ಕೊಯಮತ್ತೂರಿನ ಆಸ್ಪತ್ರೆಯಲ್ಲಿ ಡಾಕ್ಟರು ನನ್ನನ್ನು ಮಲಗಿಸಿ, ಕೆಳಹೊಟ್ಟೆ ಒತ್ತಿ, ಕೆಮ್ಮಿಸಿ, ಮತ್ತೆ ಒತ್ತಿ, "ಈಚೆಗೆ ಭಾರವಾದದ್ದೇನಾದರೂ ಎತ್ತಿದಿರಾ?" ಎಂದು ಕೇಳಿದರು. ಎತ್ತಿದ್ದೆ. ಆದರೆ ಯಾಕೆ ಎತ್ತಿದೆ ಎಂದು ಹೇಳುವ ಧೈರ್ಯ ಬರಲಿಲ್ಲ. ನಕ್ಷತ್ರ ಸೀಳುವ ಕೊಡಲಿಯೊಂದರ ಮಾನ ಉಳಿಸುವುದಕ್ಕೆ ಎತ್ತಿದೆ ಅಂದಿದ್ದರೆ ಅವರು ನನ್ನನ್ನು ಬೇರೆ ವಿಭಾಗಕ್ಕೆ ಕಳಿಸುತ್ತಿದ್ದರು. "ಟೀ ಎಲೆ ಮೂಟೆ ಸಾರ್" ಅಂದೆ. ಅವರು ಹರ್ನಿಯಾ ಎಂದು ಬರೆದು ಆಪರೇಷನ್ನಿಗೆ ದಿನ ಕೊಟ್ಟರು.

ಮೂಟೆ ಎನ್ನುವುದು ಸುಳ್ಳಲ್ಲ. ಊಟಿಯಿಂದ ಬಸ್ಸಿನಲ್ಲಿ ಒಂದು ತಾಸು ದೂರದ ನಮ್ಮ ಹಟ್ಟಿಯಲ್ಲಿ ಲೀಫ್ ಶೆಡ್ ಅಂತ ಒಂದು ತಗಡಿನ ಮಾಡು ಇದೆ. ನಾನು ಅಲ್ಲಿ ತೂಕ ಹಾಕುವವನು. ಸಣ್ಣ ಸಣ್ಣ ಟೀ ತೋಟದವರು ಬೆಳಿಗ್ಗೆ ಕಿತ್ತ ಹಸಿ ಎಲೆಯನ್ನು ಮಧ್ಯಾಹ್ನ ಮೂಟೆ ಕಟ್ಟಿ ತರುತ್ತಾರೆ, ನಾನು ತೂಗುತ್ತೇನೆ, ಫ್ಯಾಕ್ಟರಿ ಲಾರಿ ಬಂದು ಒಯ್ಯುತ್ತದೆ. ಮಳೆಗಾಲದಲ್ಲಿ ಎಲೆಯ ಜೊತೆ ನೀರೂ ತೂಗುತ್ತದೆ. ಆದ್ದರಿಂದ ಮೂಟೆಯ ನಡುವಿಗೆ ಕೈ ಹಾಕಿ, ಒಂದು ಹಿಡಿ ಎಲೆ ತೆಗೆದು, ಹಿಂಡಿ, ಬೆರಳ ಸಂದಿನಲ್ಲಿ ಎಷ್ಟು ನೀರು ಇಳಿಯಿತು ನೋಡಿ, "ಒದ್ದೆಗೆ ಮೂರು ಕಿಲೋ ಕಡಿತ" ಎಂದು ಕೂಗಬೇಕು. ಹೀಗೆ ಕೂಗುವವನಿಗೆ ಹಟ್ಟಿಯಲ್ಲಿ ಗೆಳೆಯರು ಕಡಿಮೆ. ಆದರೆ ಇಪ್ಪತ್ತು ವರ್ಷ ಕೂಗಿದ್ದರಿಂದ ನನಗೊಂದು ಗುಣ ಅಂಟಿಕೊಂಡಿದೆ. ಯಾರು ಏನು ಹೇಳಿದರೂ ಮೊದಲು ಹಿಂಡಿ ನೋಡುತ್ತೇನೆ. ಹೆಣ್ಣು ನೋಡಲು ಬಂದವರು ಹುಡುಗನ ಗುಣ ಹೊಗಳಿದರೂ ಅಷ್ಟೆ, ಓಟು ಕೇಳಲು ಬಂದವರು ರಸ್ತೆ ಹಾಕಿಸುತ್ತೇವೆ ಎಂದರೂ ಅಷ್ಟೆ. ಮನಸ್ಸಿನಲ್ಲೇ ಕಡಿತ ಕೂಗಿಬಿಡುತ್ತೇನೆ.

ನನ್ನ ಎದುರಾಳಿ ನನ್ನ ಚಿಕ್ಕಪ್ಪ. ನಮ್ಮ ಮಾತಿನಲ್ಲಿ ಕುನ್ನಪ್ಪ. ಅಪ್ಪನ ಕೊನೆಯ ತಮ್ಮ, ನನಗಿಂತ ಎರಡು ವರ್ಷ ಚಿಕ್ಕವನು. ಅಜ್ಜಿ ಮೊದಲ ಮೊಮ್ಮಗನನ್ನು ತೊಡೆಯ ಮೇಲೆ ಆಡಿಸುತ್ತಿದ್ದಾಗಲೇ ಇನ್ನೊಬ್ಬ ಮಗನನ್ನು ಹೆತ್ತುಬಿಟ್ಟಳು. ಹಟ್ಟಿಯಲ್ಲಿ ಇದು ದೊಡ್ಡ ವಿಷಯವೇನಲ್ಲ. ಕಷ್ಟವಾದದ್ದು ನನಗೆ ಮಾತ್ರ.

ಯಾಕೆಂದರೆ ನಮ್ಮಲ್ಲಿ ಹಿರಿಯರು ಎದುರಾದರೆ ಕಿರಿಯರು ಟೋಪಿ ತೆಗೆದು ತಲೆ ಬಗ್ಗಿಸಬೇಕು. ಹಿರಿಯರು ಆ ತಲೆಯ ಮೇಲೆ ಕೈಯಿಟ್ಟು ಹರಸಬೇಕು. ಹರಕೆ ಉದ್ದವಾದದ್ದು. ಹಾಲು ಉಕ್ಕಬೇಕು, ಎಮ್ಮೆ ತುಂಬಬೇಕು, ಮನೆ ಬೆಳೆಯಬೇಕು ಎಂದೆಲ್ಲ ಹೋಗಿ ಕೊನೆಗೆ "ಒಂದು ಸಾವಿರ ಆಗಲಿ" ಎಂದು ಮುಗಿಯುತ್ತದೆ. ಹಿರಿತನ ವಯಸ್ಸಿನದಲ್ಲ, ವರಸೆಯದು ಎಂದು ಅಜ್ಜ ತೀರ್ಮಾನ ಕೊಟ್ಟಿದ್ದ. ಹಾಗಾಗಿ ಏಳು ವರ್ಷದ ನಾನು ಐದು ವರ್ಷದವನ ಮುಂದೆ ತಲೆ ಬಗ್ಗಿಸಬೇಕು. ಅವನ ಮೂಗು ವರ್ಷವಿಡೀ ಸೋರುತ್ತಿತ್ತು. ಅದನ್ನು ಒರೆಸಿಕೊಂಡ ಕೈಯನ್ನೇ ಗಂಭೀರವಾಗಿ ನನ್ನ ತಲೆಯ ಮೇಲಿಟ್ಟು, ಅರ್ಧ ಮರೆತ ಹರಕೆಯನ್ನು ಗೊಣಗಿ, "ಸಾವಿರ ಆಗಲಿ" ಅನ್ನುವುದನ್ನು ಮಾತ್ರ ಗಟ್ಟಿಯಾಗಿ ಹೇಳುತ್ತಿದ್ದ. ಪರೀಕ್ಷೆಗೆ ಹೋಗುವ ದಿನವೂ ಅಜ್ಜ ಬಿಡುತ್ತಿರಲಿಲ್ಲ. ಎಂಟನೇ ಕ್ಲಾಸಿನ ನನ್ನನ್ನು ಆರನೇ ಕ್ಲಾಸಿನವನು ಹರಸಿ ಕಳಿಸುತ್ತಿದ್ದ. ನಾನು ಪಾಸಾದೆ, ಅವನು ಲೆಕ್ಕದಲ್ಲಿ ಫೇಲಾದ. ತನ್ನ ಕೈಯ ಬಲವೆಲ್ಲ ನನ್ನ ತಲೆಗೇ ಖರ್ಚಾಯಿತು ಎಂದು ಅತ್ತಿದ್ದ.

ನಾವು ಜಗಳಕ್ಕೆ ಬಿದ್ದದ್ದು ಆ ವರ್ಷವೇ. ಅಪ್ಪ ಊಟಿ ಮಾರುಕಟ್ಟೆಯ ರದ್ದಿ ಕಾಗದದ ಅಂಗಡಿಯಿಂದ ಬೀಜದ ಆಲೂಗಡ್ಡೆ ಸುತ್ತಿಡಲು ಒಂದು ಕಟ್ಟು ಹಳೆ ಕಾಗದ ತಂದಿದ್ದ. ಅದರೊಳಗೆ ಇಂಗ್ಲಿಷಿನ ಏಳು ಕಾಮಿಕ್ಸ್ ಸಿಕ್ಕವು. ಹೊದಿಕೆಗಳೆಲ್ಲ ಹರಿದುಹೋಗಿದ್ದರಿಂದ ಅವುಗಳ ಹೆಸರು ಇವತ್ತಿಗೂ ನಮಗೆ ಗೊತ್ತಿಲ್ಲ. ಒಬ್ಬ ನೀಲಿ ವೀರ, ಅವನ ಕೈಯಲ್ಲಿ ಸೂರ್ಯನನ್ನೇ ಎರಡು ಹೋಳು ಮಾಡುವ ಕೊಡಲಿ. ಅವನೆದುರು ಬಿಳಿಗಡ್ಡದ ಒಬ್ಬ ಮುದುಕಿ (ಗಡ್ಡ ಇದ್ದದ್ದು ನಿಜ, ಮುದುಕಿ ಎಂದು ಎಲ್ಲರೂ ಕರೆಯುತ್ತಿದ್ದುದೂ ನಿಜ), ಅವಳ ಬೆರಳ ತುದಿಯಲ್ಲಿ ಒಂದು ಪುಟ್ಟ ಗಂಟೆ. ಆ ಗಂಟೆ ಒಮ್ಮೆ ಬಾರಿಸಿದರೆ ಕೇಳಿಸಿಕೊಂಡದ್ದೆಲ್ಲ ಇಲ್ಲವಾಗುತ್ತದೆ. ಏಳನೆಯ ಪುಸ್ತಕದ ಕೊನೆಯ ಪುಟದಲ್ಲಿ ಕೊಡಲಿ ಮೇಲೆದ್ದಿದೆ, ಗಂಟೆಯ ನಾಲಿಗೆ ಅಲುಗಾಡಿದೆ, ಮುಂದಿನ ಸಂಚಿಕೆಯಲ್ಲಿ ನೋಡಿ ಎಂದಿದೆ. ಆ ಎಂಟನೆಯ ಸಂಚಿಕೆಯಲ್ಲಿ ಯಾರ ಮನೆಯ ಆಲೂಗಡ್ಡೆ ಸುತ್ತಿದರೋ ತಿಳಿಯದು. ನಾನು ಕೊಡಲಿ ಪಕ್ಷ ಸೇರಿದೆ, ಚಿಕ್ಕಪ್ಪ ಗಂಟೆ ಪಕ್ಷ. ಮೂವತ್ತು ವರ್ಷದ ಮೇಲಾಯಿತು, ಇಬ್ಬರಿಗೂ ತಲೆ ನರೆಯಿತು, ಪಕ್ಷ ಬದಲಾಗಲಿಲ್ಲ.

ನನ್ನ ಮುಖ್ಯ ವಾದ ವಿಜ್ಞಾನದ್ದು. ಮೈಸೂರಿನಲ್ಲಿ ಎರಡು ವರ್ಷ ಬಿಎಸ್ಸಿ ಓದಿ, ಮೂರನೆಯ ವರ್ಷ ಮನೆಗೆ ಓಡಿಬಂದವನು ನಾನು. ಆ ಎರಡು ವರ್ಷದಲ್ಲಿ ನನಗೆ ದಕ್ಕಿದ್ದು ಎರಡು. ಒಂದು, ಹೀಗೆ ಬರೆಯಲು ಬರುವ ಕನ್ನಡ. ಇನ್ನೊಂದು, ಗಾಳಿಯಿಲ್ಲದ ಕಡೆ ಶಬ್ದವಿಲ್ಲ ಎಂಬ ಜ್ಞಾನ. ಎರಡನೆಯದನ್ನು ಚಿಕ್ಕಪ್ಪನ ಮೇಲೆ ಸಾವಿರ ಸಲ ಪ್ರಯೋಗಿಸಿದ್ದೇನೆ. ಬಾಹ್ಯಾಕಾಶದಲ್ಲಿ ಗಾಳಿಯೇ ಇಲ್ಲ, ಗಂಟೆ ಬಾರಿಸಿದರೂ ಯಾರಿಗೆ ಕೇಳುತ್ತದೆ?

ಚಿಕ್ಕಪ್ಪ ಮೆತ್ತಗಿನ ಮನುಷ್ಯ. ಬಾಯಲ್ಲಿ ಮಾತು ಹೊರಡುವ ಮುಂಚೆ ಅದನ್ನು ಒಂದು ಸುತ್ತು ತಿರುಗಿಸಿ ನೋಡುವವನು. ಅವನು ಪ್ರತಿ ಸಲವೂ ಹೇಳುತ್ತಿದ್ದ: "ಗಾಳಿ ಇಲ್ಲೆ ಅಂದರೆ ಆ ಮುದುಕಿ ಮಾತಾಡಿದ್ದು ಹೆಂಗೆ? ಏಳು ಪುಸ್ತಕ ಪೂರಾ ಮಾತಾಡಿದ್ದಾಳೆ ಅವ. ನೀ ಓದಿದ್ದೆ ಅಲ್ಲ?"

ಉತ್ತರ ಇಲ್ಲದಾಗ ನಾನು ದನಿ ಏರಿಸುತ್ತೇನೆ, ಅದು ನನ್ನ ಸ್ವಭಾವ.

ಹೀಗೆ ನಮ್ಮಿಬ್ಬರ ನಡುವೆಯೇ ಇದ್ದ ಜಗಳವನ್ನು ಊರ ಜಗಳ ಮಾಡಿದವಳು ನನ್ನ ಮಗಳು. ಊಟಿಯಲ್ಲಿ ಕಾಲೇಜು ಓದುತ್ತಾಳೆ. ಒಂದು ಭಾನುವಾರ ಶೆಡ್ಡಿಗೆ ಊಟ ತಂದವಳು ನಮ್ಮ ಕೂಗಾಟ ಕೇಳಿ, ಇದಕ್ಕೆಲ್ಲ ಇಂಟರ್‌ನೆಟ್ಟಿನಲ್ಲಿ ಅಳತೆ ಇದೆ, ಲೋಕದಲ್ಲಿ ಲಕ್ಷಾಂತರ ಜನ ಇದನ್ನೇ ಮಾಡುತ್ತಾ ಕೂತಿದ್ದಾರೆ ಅಂದಳು. ಕಟ್ಟಡ ಕೆಡವುವ ಆಯುಧ ಒಂದು ಮಟ್ಟ, ಗ್ರಹ ಒಡೆಯುವುದು ಅದರ ಮೇಲೆ, ನಕ್ಷತ್ರ, ನಕ್ಷತ್ರಮಂಡಲ, ವಿಶ್ವ, ಹೀಗೆ ಮೆಟ್ಟಿಲು ಮೆಟ್ಟಿಲಾಗಿ ಆಯುಧಗಳನ್ನು ಕೂರಿಸುತ್ತಾರಂತೆ. ನನಗೆ ರೋಮಾಂಚನವಾಯಿತು. ಅಳತೆ ಅಂದರೆ ನನ್ನ ಕ್ಷೇತ್ರವಲ್ಲವೇ. ತೂಕದ ಚೀಟಿಯ ಹಿಂದೆ ನಮ್ಮದೇ ಮೆಟ್ಟಿಲು ಬರೆದು ಕಂಬಕ್ಕೆ ಅಂಟಿಸಿದೆ: ಹಟ್ಟಿ ಮಟ್ಟ, ತಾಲೂಕು ಮಟ್ಟ, ಜಿಲ್ಲಾ ಮಟ್ಟ, ಭೂಮಿ ಮಟ್ಟ, ಸೂರ್ಯ ಮಟ್ಟ, ಬ್ರಹ್ಮಾಂಡ ಮಟ್ಟ. ಜಿಲ್ಲಾ ಮಟ್ಟ ಎಂದರೆ ಒಂದೇ ಏಟಿಗೆ ದೊಡ್ಡಬೆಟ್ಟದಿಂದ ಮಸಿನಗುಡಿಯವರೆಗೆ ಚಪ್ಪಟೆ. ಎಲೆ ತಂದವರೆಲ್ಲ ಲಾರಿ ಬರುವವರೆಗೆ ಕಂಬದ ಮುಂದೆ ನಿಂತು ವಾದ ಮಾಡತೊಡಗಿದರು. ಒಂದು ತಿಂಗಳೊಳಗೆ ಮನೆ ಮನೆಯಲ್ಲೂ ಕೊಡಲಿಯವರು, ಗಂಟೆಯವರು ಎಂದಾಯಿತು. ಏಳರಲ್ಲಿ ಒಂದು ಪುಸ್ತಕವನ್ನೂ ತೆರೆದು ನೋಡದ ನನ್ನ ಹೆಂಡತಿ ಗಂಟೆಯ ಕಡೆ ಹೋದಳು.

ಅಳತೆಗೆ ನಿಯಮವನ್ನೂ ನಾನೇ ಮಾಡಿದೆ. ಚಿತ್ರದಲ್ಲಿ ಕಣ್ಣಿಗೆ ಕಂಡದ್ದು ಒಣ ಎಲೆ, ಪೂರ್ತಿ ತೂಕ. ಪಾತ್ರಗಳು ತಮ್ಮ ಬಾಯಿಂದ ಕೊಚ್ಚಿಕೊಂಡದ್ದು ಒದ್ದೆ ಎಲೆ, ಹಿಂಡಿ ಕಡಿತ ಹಿಡಿಯಬೇಕು. ಕೊಡಲಿ ಸೂರ್ಯನನ್ನು ಸೀಳಿದ್ದು ಮೂರನೆಯ ಪುಸ್ತಕದ ನಡುಪುಟದಲ್ಲಿ ಅಂಗೈಯಗಲ ಚಿತ್ರವಾಗಿ ಇದೆ. ಗಂಟೆ ವಿಶ್ವವನ್ನು ಅಳಿಸಿದ್ದು ಎಲ್ಲಿದೆ? ಮುದುಕಿಯ ಬಾಯಲ್ಲಿದೆ. ಕಡಿತ! ಶೆಡ್ಡಿನಲ್ಲಿ ಚಪ್ಪಾಳೆ ಬಿತ್ತು. ಚಿಕ್ಕಪ್ಪ ಆ ಚೀಟಿಯನ್ನು ಬಹಳ ಹೊತ್ತು ಓದಿ ಹೇಳಿದ: "ಗಂಟೆ ಬಾರಿಸಿದ್ದ ಆರ ನೋಡಿದ್ದಾರೆ ಚಿತ್ರ ಬರಿಯೋಕೆ? ನೋಡಿದವರೆಲ್ಲ ಅಳಿದರು. ಚಿತ್ರ ಇಲ್ಲದ್ದೇ ಸಾಕ್ಷಿ." ಈ ಸಲ ಚಪ್ಪಾಳೆ ಇನ್ನೂ ಜೋರಾಗಿ ಬಿತ್ತು. ನನ್ನ ನಿಯಮ ನನಗೇ ತಿರುಗಿ ಬಂದಿತ್ತು.

ಹೊರಗಿನವನೊಬ್ಬ ತೀರ್ಪು ಕೊಡಲಿ ಎಂದು ಲಾರಿ ಡ್ರೈವರನನ್ನು ಹಿಡಿದೆವು. ಗೂಡಲೂರಿನವನು, ಕನ್ನಡ ತಮಿಳು ಮಲಯಾಳ ಮೂರನ್ನೂ ಒಂದೇ ಲೋಟಕ್ಕೆ ಸುರಿದು ಮಾತಾಡುವವನು. ಅವನು ಕೈ ಮುಗಿದ. "ಎನಿಕ್ಕ್ ಅರಿಯಿಲ್ಲ ಚೇಟ್ಟಾ. ಎನಗೆ ಗೇರ್ ಗೊತ್ತು, ಬ್ರೇಕ್ ಗೊತ್ತು. ಸೂರ್ಯನ ವಿಷಯ ಎಲ್ಲ ನೀವೇ ನೋಡ್ಕೊಳ್ಳಿ." ಅವನು ಇಷ್ಟು ಹೇಳುವುದಕ್ಕೂ ಶೆಡ್ಡಿನ ಹಿಂದಿನ ತೋಟದಿಂದ ಒಂದು ಕಾಟಿ ಇಳಿದುಬರುವುದಕ್ಕೂ ಸರಿಹೋಯಿತು. ಕಾಡೆಮ್ಮೆ ನಮಗೆ ಹೊಸದಲ್ಲ, ದಿನವೂ ಟೀ ಗಿಡಗಳ ನಡುವೆ ಮೇಯುತ್ತವೆ, ನಾವು ದಾರಿ ಬಿಟ್ಟು ನಡೆಯುತ್ತೇವೆ. ಆದರೆ ಇದು ಒಂಟಿ ಗಂಡು, ತಲೆ ತಗ್ಗಿಸಿಕೊಂಡು ನೇರ ಶೆಡ್ಡಿನ ಬಾಗಿಲಿಗೇ ಬಂದು ನಿಂತಿತು. ಬ್ರಹ್ಮಾಂಡ ಮಟ್ಟದ ಬಗ್ಗೆ ಮಾತಾಡುತ್ತಿದ್ದವರೆಲ್ಲ ಮೂಟೆಗಳ ಮೇಲೆ ಏರಿದರು. ನಾನೂ ಚಿಕ್ಕಪ್ಪನೂ ತೂಕದ ಯಂತ್ರದ ಮೇಜಿನ ಮೇಲೆ ಒಬ್ಬರನ್ನೊಬ್ಬರು ಹಿಡಿದುಕೊಂಡು ನಿಂತೆವು. ಯಂತ್ರದ ಕೆಂಪಕ್ಷರ ನಮ್ಮಿಬ್ಬರ ತೂಕ ತೋರಿಸುತ್ತಿತ್ತು. ಡ್ರೈವರ್ ಲಾರಿಗೆ ನುಗ್ಗಿ ಹಾರನ್ ಒತ್ತಿ ಹಿಡಿದ. ಕಾಟಿ ಒಂದು ಗಳಿಗೆ ಯೋಚಿಸಿ, ತಿರುಗಿ, ತೋಟಕ್ಕೆ ಹೋಯಿತು.

ಮೇಜಿನ ಮೇಲಿಂದ ಇಳಿಯುವ ಮೊದಲೇ ಚಿಕ್ಕಪ್ಪ ನನ್ನ ಕಿವಿಯಲ್ಲಿ ಹೇಳಿದ: "ನೋಡಿದೆಯಾ? ಶಬ್ದ."

"ಇಲ್ಲಿ ಗಾಳಿ ಇದೆ!" ಎಂದು ನಾನು ಕಿರುಚಿದೆ.

ಆ ಜುಲೈನಲ್ಲಿ ಮಳೆ ಬಿಡಲೇ ಇಲ್ಲ. ಆ ದಿನ ರಸ್ತೆಗೆ ಮರ ಬಿದ್ದು ಲಾರಿ ತಡವಾಗಿತ್ತು. ಶೆಡ್ಡಿನಲ್ಲಿ ಇಪ್ಪತ್ತು ಜನ, ಎಲ್ಲರೂ ಒದ್ದೆ, ಎಲ್ಲರಿಗೂ ನನ್ನ ಕಡಿತದ ಮೇಲೆ ಸಿಟ್ಟು. ಚಿಕ್ಕಪ್ಪ ತನ್ನ ಎರಡು ಮೂಟೆ ಇಳಿಸಿ, ಟವೆಲಿನಲ್ಲಿ ಮುಖ ಒರೆಸಿಕೊಂಡು, ಹೊಸ ವಾದವೊಂದನ್ನು ನಿಧಾನವಾಗಿ ಹೊರತೆಗೆದ.

"ಕೊಡಲಿ ತನ್ನಷ್ಟಕ್ಕೆ ಹೋಗಿ ಸೂರ್ಯನ ಕಡಿಯಿತಾ? ಇಲ್ಲೆ. ಎತ್ತೋಕೆ ಒಂದು ಆಳು ಬೇಕು. ಆ ಆಳ ಬಲವ ಕಳೆ. ಮಿಕ್ಕಿದ್ದು ಬರೀ ಕಬ್ಬಿಣ. ಎನ್ನ ಗಂಟೆಗ ಒಂದು ಬೆರಳು ಸಾಕು. ಕಡಿತ ಹಿಡಿಯೋನು ನೀ ಅಲ್ಲ? ಈಗ ಹಿಡಿ."

ಶೆಡ್ಡೆಲ್ಲ ಹೋ ಎಂದಿತು. ನನ್ನ ಕಡಿತದಿಂದ ಬೆಂದವರಿಗೆಲ್ಲ ಅವತ್ತು ಹಬ್ಬ. ನನಗೆ ಮೈ ಉರಿಯಿತು. ಆಯುಧ ಹಿಡಿದವನಿಂದ ಆಯುಧವನ್ನು ಬೇರೆ ಮಾಡಬಾರದು, ಎತ್ತುವ ತಾಕತ್ತೂ ಆಯುಧದ್ದೇ ಭಾಗ ಎಂದು ವಾದಿಸಬಹುದಿತ್ತು. ನಾನು ವಾದಿಸಲಿಲ್ಲ. "ಎತ್ತೋದು ಅಂದರೆ ಏನು ಅಂತ ತೋರಿಸ್ತೇನೆ" ಅಂದೆ. ಚಿಕ್ಕಪ್ಪನ ಎರಡು ಮೂಟೆಯನ್ನೂ ಎರಡು ಹೆಗಲ ಮೇಲೆ ಹಾಕಿಕೊಂಡೆ. ಹತ್ತು ಎಣಿಸುವವರೆಗೆ ನಿಲ್ಲುತ್ತೇನೆ ಅಂದೆ. ಒಣ ಎಲೆಯಾಗಿದ್ದರೆ ಏನೂ ಆಗುತ್ತಿರಲಿಲ್ಲ. ಎಷ್ಟು ನೀರಿದೆ ಎಂದು ಎಲ್ಲರಿಗೂ ಕೂಗಿ ಹೇಳುವ ನಾನು ಆ ಮೂಟೆಗಳನ್ನು ಹಿಂಡಿ ನೋಡುವುದನ್ನು ಮರೆತಿದ್ದೆ.

ಜನ ಎಣಿಸತೊಡಗಿದರು. ಏಳು ಅನ್ನುವಾಗ ಕೆಳಹೊಟ್ಟೆಯಲ್ಲಿ ಏನೋ ಸರಿದ ಹಾಗಾಯಿತು. ಹತ್ತರವರೆಗೂ ನಿಂತೆ. ಮೂಟೆ ಇಳಿಸಿದಾಗ ಎಲ್ಲರೂ ಚಪ್ಪಾಳೆ ತಟ್ಟಿದರು. ನಾನು ನಗುತ್ತಿದ್ದೆ, ಕಣ್ಣಲ್ಲಿ ನೀರಿತ್ತು.

ಚಿಕ್ಕಪ್ಪ ಚಪ್ಪಾಳೆ ತಟ್ಟಲಿಲ್ಲ. ಹತ್ತಿರ ಬಂದು ಕೈ ಎತ್ತಿದ. ದಿನವೂ ಅವನು ಶೆಡ್ಡಿಗೆ ಬಂದಾಗ ನಾನು ಟೋಪಿ ಎತ್ತಿ ತಲೆಯನ್ನೊಮ್ಮೆ ತಗ್ಗಿಸುತ್ತಿದ್ದೆ, ಅವನು ಅಂಚೆಯವನು ಮುದ್ರೆ ಒತ್ತುವ ಹಾಗೆ ಒಮ್ಮೆ ಮುಟ್ಟಿ "ಸಾವಿರ ಆಗಲಿ" ಅನ್ನುತ್ತಿದ್ದ. ಆವತ್ತು ಜಗಳದ ಗದ್ದಲದಲ್ಲಿ ಅದು ಬಾಕಿ ಉಳಿದಿತ್ತು. ಅದಕ್ಕಾಗಿ ಕೈ ಎತ್ತಿದನೋ, ನನ್ನ ಮುಖ ನೋಡಿ ಎತ್ತಿದನೋ, ನನಗೆ ತಿಳಿಯಲಿಲ್ಲ. ನೋವಿಗೂ ನಾಚಿಕೆಗೂ ನಾನು ಎರಡು ಹೆಜ್ಜೆ ಹಿಂದೆ ಸರಿದು ಎಲ್ಲರ ಮುಂದೆ ಅಂದೆ: "ಕೈ ಇಳಿಸು. ಮೂಗು ಸೋರೋ ಕಾಲದಿಂದ ನಿನಗೆ ಮಂಡೆ ಬಗ್ಗಿಸಿ ಸಾಕಾಯ್ತು. ಎರಡು ವರ್ಷ ಕಿರಿಯೋನು ನೀ, ಎನ್ನ ಹರಸೋಕೆ ನೀ ಆರ? ಇನ್ನು ಇಲ್ಲೆ."

ಚಿಕ್ಕಪ್ಪ ಎತ್ತಿದ ಕೈಯನ್ನು ಎಲ್ಲಿಡಬೇಕು ಎಂದು ತಿಳಿಯದೆ ತನ್ನ ಟೋಪಿಯನ್ನೇ ಸರಿಮಾಡಿಕೊಂಡು ಹೊರಟುಹೋದ. ತೂಕದ ಚೀಟಿಯನ್ನೂ ತೆಗೆದುಕೊಳ್ಳಲಿಲ್ಲ.

ಮೂರು ತಿಂಗಳು ನಾವು ಮಾತಾಡಲಿಲ್ಲ. ಇದು ಬೇರೆ ಊರುಗಳಲ್ಲಿ ಸುಲಭ ಇರಬಹುದು. ನಮ್ಮದು ಸಾಲುಮನೆ, ಅವನಿಗೂ ನನಗೂ ಒಂದೇ ಗೋಡೆ, ಒಂದೇ ಅಂಗಳ, ಒಂದೇ ನಲ್ಲಿ. ಅವನು ಕೆಮ್ಮಿದರೆ ನನ್ನ ಗೋಡೆಯ ಕ್ಯಾಲೆಂಡರು ಅಲ್ಲಾಡುತ್ತದೆ. ಅವನು ಕೊಡ ತುಂಬುವಾಗ ನಾನು ಒಳಗೆ ನಿಲ್ಲುತ್ತಿದ್ದೆ, ನಾನು ತುಂಬುವಾಗ ಅವನು ಒಳಗೆ. ಎಲೆ ತಂದರೆ ಎಲ್ಲರಿಗಿಂತ ಕೊನೆಗೆ ತರುತ್ತಿದ್ದ. ನಾನು ಅವನ ಮೂಟೆ ಹಿಂಡಿ, ಅವನ ಬದಲು ಕಂಬಕ್ಕೆ ಕೇಳುವ ಹಾಗೆ ಕಡಿತ ಕೂಗುತ್ತಿದ್ದೆ. ಯಾರೋ ಕಂಬದ ಮೇಲಿನ ಚೀಟಿ ಹರಿದುಹಾಕಿದ್ದರು. ವಾದ ಮಾಡಲು ಬಂದವರನ್ನು ನಾನೇ ಗದರಿಸಿ ಕಳಿಸಿದೆ. ವಾದ ಮಾಡುವುದು ಅಂದರೆ ಚಿಕ್ಕಪ್ಪನ ಜೊತೆ ಮಾಡುವುದು ಎಂದು ನನಗೆ ಆಗ ಗೊತ್ತಾಯಿತು. ಬಹಳ ಬೇಜಾರಾಗುತ್ತಿತ್ತು, ಯಾರಿಗೂ ಹೇಳಲಿಲ್ಲ.

ಹೊಟ್ಟೆಯ ವಿಷಯವನ್ನೂ ಹೇಳಲಿಲ್ಲ. ಹೇಳಿದರೆ ಕೊಡಲಿ ಸೋತ ಹಾಗೆ. ಎತ್ತಿದವನಿಗೇ ಹೀಗಾಯಿತು ಎಂದರೆ ಎತ್ತುವ ಆಯುಧಕ್ಕೆ ಬೆಲೆ ಎಲ್ಲಿಯದು? ಮೂಟೆ ಮುಟ್ಟದೆ ಸೊಂಟನೋವು ಎನ್ನುತ್ತಾ ದಿನ ತಳ್ಳಿದೆ. ಕೊನೆಗೊಂದು ದಿನ ಕೆಮ್ಮಿದಾಗ ನೋವಿಗೆ ಕೂತುಬಿಟ್ಟೆ. ಹೆಂಡತಿ ಕೊಯಮತ್ತೂರಿಗೆ ಎಳೆದುಕೊಂಡು ಹೋದಳು. ಡಾಕ್ಟರು ಕೆಮ್ಮಿಸಿದ್ದು ಆಮೇಲೆ.

ಆಪರೇಷನ್ನಿಗೆ ಹೊರಡುವ ಬೆಳಿಗ್ಗೆ ಜೀಪು ಅಂಗಳದ ತುದಿಗೆ ಬಂದು ನಿಂತಿತು. ಚೀಲ ಹಿಡಿದು ನಾನು ಹೊಸ್ತಿಲು ದಾಟಿದೆ. ಹೆಂಡತಿ ಅಡ್ಡ ನಿಂತಳು.

"ಕೈ ಇಡಿಸಿಕೊಳ್ಳದೆ ಕತ್ತಿಗ ಹೋಪರ ಆರಾದರೂ?" ಅಂದಳು. "ನಿಮ್ಮ ಅಪ್ಪ ಇಲ್ಲೆ. ದೊಡ್ಡಪ್ಪಂದಿರು ಇಲ್ಲೆ. ಈ ಮನೆತನದಲಿ ನಿಮ್ಮ ಮಂಡೆಗ ಇನ್ನು ಉಳಿದಿರೋದು ಒಂದೇ ಕೈ. ಹೋಗಿ."

ಅದು ನನಗೂ ಗೊತ್ತಿತ್ತು. ರಾತ್ರಿಯಿಡೀ ಅದೇ ಗೊತ್ತಿತ್ತು. ನನಗೆ ಹೆದರಿಕೆಯಾಗಿತ್ತು. ಹರ್ನಿಯಾಕ್ಕೆ ಯಾರೂ ಸಾಯುವುದಿಲ್ಲ ಎಂದು ಮಗಳು ಫೋನಿನಲ್ಲಿ ತೋರಿಸಿದ್ದಳು. ಅದನ್ನೂ ಹಿಂಡಿ ನೋಡಿ ಕಡಿತ ಹಿಡಿದಿದ್ದೆ. ಪ್ರಜ್ಞೆ ತಪ್ಪಿಸುವ ಮುಂಚೆ ಯಾರನ್ನು ನೆನೆಯುವುದು ಎಂದು ಯೋಚಿಸಿದರೆ ಎಲ್ಲರಿಗಿಂತ ಮೊದಲು ಆ ಸೋರುವ ಮೂಗೇ ನೆನಪಾಗುತ್ತಿತ್ತು. ಮೂರು ತಿಂಗಳ ಹಿಂದೆ ಇಪ್ಪತ್ತು ಜನರ ಮುಂದೆ ನೀ ಯಾರು ಎಂದವನು ಈಗ ಯಾವ ಮುಖ ಇಟ್ಟುಕೊಂಡು ಹೋಗಲಿ? ಅವನು ಕೈ ಇಡದಿದ್ದರೆ? ಇಡದೆ ಇರುವ ಹಕ್ಕನ್ನು ನಾನೇ ಅವನಿಗೆ ಕೊಟ್ಟಿದ್ದೆ.

ಹನ್ನೆರಡು ಹೆಜ್ಜೆ. ಚಿಕ್ಕಪ್ಪ ಜಗಲಿಯ ಮೇಲೆ ಕೂತು ಟೀ ಗಿಡ ಸವರುವ ಕತ್ತಿ ಮಸೆಯುತ್ತಿದ್ದ. ನನ್ನನ್ನು ನೋಡಿಯೂ ಮಸೆಯುವುದು ನಿಲ್ಲಿಸಲಿಲ್ಲ. ನಾನು ಟೋಪಿ ತೆಗೆದೆ. ತಲೆ ಬಗ್ಗಿಸಿದೆ. ಬಗ್ಗಿದ್ದಕ್ಕೆ ಕೆಳಹೊಟ್ಟೆ ಹಿಡಿದುಕೊಂಡಿತು. ಅವನ ಹಳೆ ರಬ್ಬರ್ ಚಪ್ಪಲಿ, ಅದಕ್ಕೆ ಅಂಟಿದ ಕೆಂಪು ಮಣ್ಣು ಇಷ್ಟೇ ನನಗೆ ಕಾಣುತ್ತಿತ್ತು. ಮಸೆಯುವ ಸದ್ದು ನಿಂತಿತು. ಕೈ ಬರಲಿಲ್ಲ.

"ಏಕ ಹೋಪೆ ಆಸ್ಪತ್ರೆಗ?" ಎಂದ.

"ಆ ಎರಡು ಮೂಟೆ" ಎಂದೆ.

"ಗೊತ್ತು. ಏಳು ಅನ್ನೋವಾಗ ನಿನ್ನ ಮೊಕ ನೋಡಿದೆ. ಇಳಿಸೋಕೆ ಹೇಳಬೇಕಿತ್ತು ನಾ. ಹೇಳಲಿಲ್ಲೆ. ನೀ ಸೋಲೋದ ನೋಡಬೇಕಿತ್ತು ಎನಗೆ. ಮೂರು ತಿಂಗಳು ಅದೇ ಯೋಚನೆ."

"ಕುನ್ನಪ್ಪ, ಗಂಟೆ ಗೆದ್ದಿತು" ಅಂದೆ. "ಒಪ್ಪಿಕೊಂಡೆ. ಕೈ ಇಡು."

"ಇಲ್ಲೆ. ಗಂಟೆ ಗೆಲ್ಲಲಿಲ್ಲೆ. ಗಾಳಿ ಇಲ್ಲದ ಎಡೆಯಲಿ ಶಬ್ದ ಇಲ್ಲೆ. ನೀ ಹೇಳಿದ್ದು ಸರಿ. ನಾ ಮೊದಲೇ ಒಪ್ಪಬೇಕಿತ್ತು."

"ಆ ಮುದುಕಿ ಏಳು ಪುಸ್ತಕ ಮಾತಾಡಿದ್ದಾಳೆ! ಅದಕ್ಕೆ ಏನ ಹೇಳುವೆ?"

"ಅವ ಮಾತಾಡಿದ್ದು ಒದ್ದೆ ಎಲೆ. ನೀನೇ ಕಡಿತ ಹಿಡಿದಿದ್ದೆ."

"ನನ್ನ ಕಡಿತ ತಪ್ಪು!" ನಾನು ತಲೆ ಬಗ್ಗಿಸಿಕೊಂಡೇ ಅವನ ಚಪ್ಪಲಿಗಳ ಮೇಲೆ ರೇಗಿದೆ. "ಕೊಡಲಿ ಎತ್ತಿದವನ ಹೊಟ್ಟೆ ಒಡೆದದ್ದು ಕಣ್ಣಾರೆ ನೋಡಿದ್ದೀಯ. ಇದಕ್ಕಿಂತ ಒಣ ಸಾಕ್ಷಿ ಬೇಕಾ?"

"ಒಡೆದರೂ ಹತ್ತು ತನಕ ನಿಂತೆ ಅಲ್ಲ? ನಿಂತದ್ದು ಕೊಡಲಿ ಬಲ."

ಜೀಪಿನವನು ಹಾರನ್ ಒತ್ತಿದ. ಹೆಂಡತಿ ನಮ್ಮ ಹೊಸ್ತಿಲಿಂದ, ಇಬ್ಬರಿಗೂ ಬುದ್ಧಿ ಇದೆಯೇ, ಅಲ್ಲಿ ಡಾಕ್ಟರು ಕಾಯುತ್ತಿದ್ದಾರೆ ಎಂದು ಕೂಗಿದಳು. ಚಿಕ್ಕಪ್ಪ ಕತ್ತಿಯನ್ನು ಜಗಲಿಯ ಮೇಲಿಟ್ಟು ಎದ್ದು ನಿಂತ. ಅಂಗಿಗೆ ಅಂಗೈ ಒರೆಸಿಕೊಳ್ಳುವ ಸದ್ದು ಕೇಳಿಸಿತು. ಎರಡು ಸಲ ಒರೆಸಿಕೊಂಡ. ಆಮೇಲೆ ನನ್ನ ತಲೆಯ ಮೇಲೆ ಕೈ ಇಳಿಯಿತು.

ಅಂಚೆಯ ಮುದ್ರೆಯ ಹಾಗೆ ಒತ್ತಿ ಎತ್ತಿಕೊಳ್ಳಲಿಲ್ಲ. ಕೈ ಅಲ್ಲೇ ಇತ್ತು. ಐದನೆಯ ವಯಸ್ಸಿನಲ್ಲಿ ಅರ್ಧ ಮರೆಯುತ್ತಿದ್ದ ಹರಕೆಯನ್ನು ಮೊದಲಿನಿಂದ ಶುರುಮಾಡಿದ. ಹಾಲು ಉಕ್ಕಿಸಿದ. ಎಮ್ಮೆ ತುಂಬಿಸಿದ. ಮನೆ ಬೆಳೆಸಿದ. ಅಜ್ಜ ಹೇಳುತ್ತಿದ್ದ, ನಾನು ಎಂದೋ ಮರೆತ ಸಾಲುಗಳನ್ನೂ ಬಿಡಲಿಲ್ಲ. ಹೋದ ದಾರಿ ಹೂವಾಗಲಿ, ಬರುವ ದಾರಿ ಹಾಲಾಗಲಿ ಎಂದ. ಕೊನೆಯ ಮಾತಿಗೆ ಬಂದಾಗ ನಿಂತ. ಯಾವಾಗಲೂ ಗಟ್ಟಿಯಾಗಿ ಹೇಳುತ್ತಿದ್ದ ಮಾತು ಅದೊಂದೇ. ಈ ಸಲ ಅದು ಸರಿಯಾಗಿ ಹೊರಡಲಿಲ್ಲ.

"ಒಂದು..." ಎಂದ. ಮತ್ತೆ "ಒಂದು ಸಾವಿರ ಆಗಲಿ" ಎಂದ.

ನನ್ನ ಕತ್ತಿನ ಹಿಂಭಾಗದ ಮೇಲೆ ಬೆಚ್ಚಗಿನ ಎರಡು ಹನಿ ಬಿದ್ದವು. ಮಳೆ ಇರಲಿಲ್ಲ, ಬಿಸಿಲು ಚೆನ್ನಾಗಿತ್ತು. ಅವನ ಮೂಗೇ ಇರಬೇಕು ಎಂದು ಮೊದಲು ಅನ್ನಿಸಿತು, ಹಳೆಯ ಅಭ್ಯಾಸ. ಆಮೇಲೆ ಅಲ್ಲ ಎಂದು ಗೊತ್ತಾಯಿತು.

ಒಂದು ಸಾವಿರ ಆಗುತ್ತದೆ ಎನ್ನುವುದಕ್ಕೆ ಯಾವ ಪುಸ್ತಕದಲ್ಲೂ ಚಿತ್ರವಿಲ್ಲ. ಬರೀ ಬಾಯಿಮಾತು, ಅದೂ ನೀರು ಸುರಿಯುವಷ್ಟು ಒದ್ದೆ. ಇಪ್ಪತ್ತು ವರ್ಷ ಒದ್ದೆಗೆ ಕಡಿತ ಹಿಡಿದ ನಾನು ಆ ಬೆಳಿಗ್ಗೆ ಏನನ್ನೂ ಹಿಂಡಿ ನೋಡಲಿಲ್ಲ. ಪೂರ್ತಿ ತೂಕಕ್ಕೆ ತೆಗೆದುಕೊಂಡು, ಕತ್ತು ಒರೆಸಿಕೊಳ್ಳದೆ ಜೀಪು ಹತ್ತಿದೆ.